ಆ ಹೋರಿಗೆ ಅವಲಕ್ಕಿ ಕೊಟ್ಟವರು ಯಾರು?

"ಪೀಛೇ! ಪೀಛೇ ಹಟೋ ಮೇಡಂ!"

ಕೂಗು ಕಿವಿಗೆ ಬೀಳುವ ಮೊದಲೇ ಯಾರೋ ಅಶ್ಮಿತಾಳ ತೋಳು ಹಿಡಿದು ಎಳೆದಾಗಿತ್ತು. ಮರುಕ್ಷಣ... ಢಣ್! ಅವಳು ಕೈಯಿಟ್ಟು ನಿಂತಿದ್ದ ಕಬ್ಬಿಣದ ಬೇಲಿಗೆ ಕಪ್ಪು ಹೋರಿಯೊಂದು ತಲೆಯಿಂದ ಗುದ್ದಿತ್ತು. ಸ್ವಲ್ಪ ತಡವಾಗಿದ್ದರೂ ಅವಳ ಕೈ ಪುಡಿಯಾಗುತ್ತಿತ್ತು.

ಆದರೆ ಅದನ್ನು ಒಪ್ಪಿಕೊಂಡು ಥ್ಯಾಂಕ್ಸ್ ಹೇಳುವವಳು ಅಶ್ಮಿತಾ ಅಲ್ಲ ಬಿಡಿ! ಮೊದಲ ದಿನವೇ, ಅಷ್ಟು ಜನ ಕೆಲಸಗಾರರ ಎದುರಿಗೇ ಹೀಗೆ ಎಳೆಸಿಕೊಂಡು ಮರಳಿನಲ್ಲಿ ಮಂಡಿಯೂರಿದ್ದಕ್ಕೆ ಅವಳಿಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, ಪ್ಯಾಂಟಿನ ಮರಳು ಕೊಡವುತ್ತಾ, ಇಲ್ಲಿ ಯಾರಿಗೆ ತುಳು ಗೊತ್ತು ಎಂಬ ಧೈರ್ಯದಲ್ಲಿ ಹಲ್ಲು ಕಚ್ಚಿ ಗೊಣಗಿದಳು.

"ಮಂಗೆ!"

ಎಳೆದವನು ಅವಳನ್ನೇ ನೋಡಿದ. ಬಿಸಿಲಿಗೆ ಕಪ್ಪಾದ ಮುಖ, ಮೊಣಕಾಲಿನವರೆಗೆ ರಬ್ಬರ್ ಬೂಟು.

"ಮಂಗೆ ಅತ್ತ್. ಡಾಕ್ಟರ್," ಎಂದ ತಣ್ಣಗೆ. "ಮಂಗ ಅಲ್ಲ ಮೇಡಂ. ಈ ಫಾರ್ಮಿನ ಪಶುವೈದ್ಯ. ಶ್ರವಣ್. ಊರು ಕಾರ್ಕಳ."

ಅಯ್ಯೋ ದೇವರೇ! ಅಬುಧಾಬಿಯ ಮದೀನತ್ ಜಾಯೆದ್ ಪಟ್ಟಣದಿಂದಲೂ ಆಚೆ, ಈ ಮರಳುಗಾಡಿನ ನಡುವೆ, ಬೈಗುಳ ಅರ್ಥವಾಗುವ ಒಬ್ಬನೇ ಒಬ್ಬ ಗಂಡಸು ಅವಳಿಗೇ ಎದುರಾಗಬೇಕೇ! ಅಶ್ಮಿತಾಳಿಗೆ ಮುಖ ಎಲ್ಲಿಡಲಿ ಎನ್ನುವಂತಾಯಿತು.

ಅಬುಧಾಬಿಯ ಒಂದು ಸಂಸ್ಥೆಯಲ್ಲಿ ಅವಳ ಕೆಲಸ. ದನಗಳು ತೇಗಿದಾಗ ಹೊರಬರುವ ಮೀಥೇನ್ ಅನಿಲ ವಾತಾವರಣವನ್ನು ಬಿಸಿ ಮಾಡುತ್ತದೆಯಲ್ಲ, ಅದನ್ನು ತಗ್ಗಿಸುವ ಹೊಸ ಪುಡಿಯೊಂದನ್ನು ಮೇವಿಗೆ ಬೆರೆಸಿ ಈ ಮಾಂಸದ ಹೋರಿಗಳ ಮೇಲೆ ಪರೀಕ್ಷೆ ನಡೆಯುತ್ತಿತ್ತು. ಅಳೆಯುವುದು ಅಶ್ಮಿತಾಳ ಪಾಲಿಗೆ. ಅವಳು ತಂದ ಮೆಷಿನ್ನಿನೊಳಗೆ ಹೋರಿ ತಲೆ ತೂರಿಸಿದರೆ ಹಿಂಡಿಯ ಉಂಡೆ ಉದುರುತ್ತದೆ. ಅದನ್ನು ತಿನ್ನುವಷ್ಟು ಹೊತ್ತು ಬಿಟ್ಟ ಉಸಿರನ್ನೆಲ್ಲ ಫ್ಯಾನು ಎಳೆದುಕೊಂಡು, ಮೀಥೇನ್ ಎಷ್ಟು ಎಂದು ಮೆಷಿನ್ ಲೆಕ್ಕ ಕೊಡುತ್ತದೆ.

"ದನ ತೇಗುವುದನ್ನು ಅಳೀಲಿಕ್ಕೆ ಸಂಬಳ ಕೊಡ್ತಾರಾ ಮಾರಾಯ್ತಿ?" ಎಂದು ಅವಳ ಅಮ್ಮ ಲೋಲಾಕ್ಷಿ ನಕ್ಕೂ ನಕ್ಕೂ ಸುಸ್ತಾಗಿದ್ದರು. ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದು ಅಲ್ ಕುಸೈಸಿನ ಮಗಳ ಫ್ಲಾಟಿನಲ್ಲಿದ್ದ ಲೋಲಾಕ್ಷಿ, ದನ ಸಾಕಿ, ಡೈರಿಗೆ ಹಾಲು ಹಾಕಿ ಮಗಳನ್ನು ಓದಿಸಿದವರು. ಅವರಿಗೆ ಇದು ಮಾಂಸದ ಫಾರ್ಮು ಎಂದು ಹೇಳಲು ಅಶ್ಮಿತಾಳಿಗೆ ನಾಲಿಗೆ ಬರಲಿಲ್ಲ.

"ಹಾಲಿನ ಫಾರ್ಮ್ ಅಮ್ಮಾ," ಎಂದುಬಿಟ್ಟಿದ್ದಳು. ಒಂದು ಸಣ್ಣ ಸುಳ್ಳು... ಯಾರಿಗೇನು ನಷ್ಟ?

ಇತ್ತ ಫಾರ್ಮಿನಲ್ಲಿ ಜಗಳದಿಂದ ಶುರುವಾದದ್ದು ಜಗಳದಲ್ಲೇ ಉಳಿಯಲಿಲ್ಲ. ಶ್ರವಣ್ ರಜೆಯಲ್ಲಿ ದೇರಾ ಪೇಟೆಯಿಂದ ತಂದಿಟ್ಟ ಅವಲಕ್ಕಿಗೆ ಬೆಳಿಗ್ಗೆ ಬೆಲ್ಲ, ಕಾಯಿತುರಿ ಕಲಸಿಕೊಂಡು ಕೂರುತ್ತಿದ್ದ. ಮೊದಮೊದಲು "ಬೇಡ" ಎಂದವಳು ಆಮೇಲೆ ತಾನೇ ತಟ್ಟೆ ಹಿಡಿದು ಹೋಗತೊಡಗಿದಳು. ಯಾವ ಹೋರಿ ಸಾಧು, ಯಾವುದು ಪುಂಡ, ಯಾವುದಕ್ಕೆ ಮೆಷಿನ್ ಕಂಡರೆ ಹೆದರಿಕೆ ಎಂದು ಅವನು ಹೇಳುತ್ತಿದ್ದರೆ ಅವಳು ಕೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅವನ ಮುಖವನ್ನೇ ನೋಡುತ್ತಿದ್ದಳು.

'ನನಗೇನಾಗಿದೆ? ಕೆಲಸಕ್ಕೆ ಬಂದದ್ದೋ, ಇವನನ್ನು ನೋಡಲಿಕ್ಕೋ?'

ಫಾರ್ಮಿನ ಮ್ಯಾನೇಜರ್ ಖಮರುದ್ದೀನ್ ಭಟ್ಕಳದವರು. ಅವರ ಕಣ್ಣಿಗೆ ಮಣ್ಣೆರಚುವುದು ಸುಲಭವೇ?

"ಡಾಕ್ಟ್ರೇ, ಆ ಮೆಷಿನ್ ಹತ್ರ ದನಕ್ಕಿಂತ ನೀವೇ ಜಾಸ್ತಿ ಹೋಗ್ತೀರಲ್ಲ! ನಿಮ್ಮ ಉಸಿರು ಎಷ್ಟು ಬಂತು?"

ಶ್ರವಣ್ ಕೆಂಪಾಗಿ ಬೂಟು ತೊಳೆಯಲು ಓಡಿದ್ದ. ಆ ದಿನವಿಡೀ ಅಶ್ಮಿತಾಳ ತುಟಿಯ ಮೇಲಿಂದ ನಗು ಮಾಸಿರಲಿಲ್ಲ.

ಅಷ್ಟರಲ್ಲಿ ದೀಪಾವಳಿ ಬಂತು.

ಪಾಡ್ಯದಂದು ಕರಾವಳಿಯಲ್ಲಿ ದನಗಳಿಗೆ ಸ್ನಾನ ಮಾಡಿಸಿ, ಕೊರಳಿಗೆ ಗೊಂಡೆಹೂವಿನ ಮಾಲೆ ಹಾಕಿ, ತಿನ್ನಲು ಕೊಟ್ಟು ಕೈಮುಗಿಯುತ್ತಾರೆ. ಲೋಲಾಕ್ಷಿ ಒಂದು ವರ್ಷವೂ ಗೋಪೂಜೆ ತಪ್ಪಿಸಿದವರಲ್ಲ. ಫ್ಲಾಟಿನ ಬಾಲ್ಕನಿಯಲ್ಲಿ ನಿಂತು ಕೆಳಗಿನ ಕಾರುಗಳನ್ನು ನೋಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಿನ್ನ ಫಾರ್ಮಿನಲ್ಲಿ ಅಷ್ಟು ದನ ಉಂಟಲ್ಲ ಮಗಾ... ಒಂದಕ್ಕೆ ಕೈಮುಗಿದು ಬರ್ತೇನೆ. ಅಷ್ಟೇ."

ಹೊರಗಿನವರನ್ನು ಪರೀಕ್ಷೆಯ ದೊಡ್ಡಿಯ ಹತ್ತಿರ ಬಿಡಬಾರದು, ಅಳತೆ ಹಾಕಿದ ಮೇವಲ್ಲದೆ ಒಂದು ಕಾಳನ್ನೂ ಹೋರಿಗಳಿಗೆ ಕೊಡಬಾರದು... ಇದು ಮೊದಲ ನಿಯಮ. ಅದನ್ನು ಎಲ್ಲರಿಗೂ ಓದಿ ಹೇಳಿದವಳೇ ಅಶ್ಮಿತಾ! ಆದರೆ ಅಮ್ಮನ ಕಣ್ಣೀರಿನ ಮುಂದೆ ಯಾವ ನಿಯಮ ನಿಲ್ಲುತ್ತದೆ ಹೇಳಿ?

"ಬೇಲಿಯ ಹೊರಗಿಂದ ನೋಡಬೇಕು, ಕೈಮುಗಿಯಬೇಕು, ಬರಬೇಕು. ಮುಟ್ಲಿಕ್ಕಿಲ್ಲ!"

ಮೂರು ಗಂಟೆಯ ದಾರಿ. ಭಾನುವಾರವಾದ್ದರಿಂದ ಖಮರುದ್ದೀನ್ ಇರಲಿಲ್ಲ. ಶ್ರವಣ್ ಬೂಟು ಕಳಚಿ ಲೋಲಾಕ್ಷಿಯ ಕಾಲು ಮುಟ್ಟಿ ನಮಸ್ಕರಿಸಿದಾಗ ಅಶ್ಮಿತಾಳಿಗೆ ಎದೆ ತುಂಬಿ ಬಂತು. ಅಷ್ಟರಲ್ಲೇ ಮೆಷಿನ್ನಿನ ಫ್ಯಾನು ಕೆಟ್ಟು ನಿಂತಿದೆಯೆಂದು ಕರೆ ಬಂತು.

"ಅಮ್ಮನನ್ನು ಸ್ವಲ್ಪ ನೋಡ್ಕೊಳ್ಳಿ ಡಾಕ್ಟ್ರೇ," ಎಂದು ಅವಳು ಓಡಿದಳು.

ಅವಳು ಫ್ಯಾನು ಸರಿಮಾಡಿಸಿ ತಿರುಗಿ ಬರುವಾಗ ಅಮ್ಮ ಕಾರಿನಲ್ಲಿ ಕೂತಿದ್ದರು. ಮುಖದಲ್ಲಿ ಹಬ್ಬದ ಕಳೆ. ಶ್ರವಣ್ ಮಾತ್ರ ಯಾಕೋ ಅವಳ ಕಣ್ಣು ತಪ್ಪಿಸಿದ.

ಮರುದಿನ ಬೆಳಿಗ್ಗೆ ಒಬ್ಬಳೇ ಫಾರ್ಮಿಗೆ ಬಂದು ಕಂಪ್ಯೂಟರ್ ತೆರೆದವಳು ಕೂಗಿಯೇಬಿಟ್ಟಳು. ಆ ಪುಂಡ ಕಪ್ಪು ಹೋರಿಯ ಮೀಥೇನ್ ಧಡಕ್ಕನೆ ಇಳಿದಿತ್ತು!

'ಪುಡಿ ಕೆಲಸ ಮಾಡಿತು! ದೇವರೇ, ಕೆಲಸ ಮಾಡಿತು!'

ಕೂಡಲೇ ಅಬುಧಾಬಿಯಲ್ಲಿದ್ದ ತನ್ನ ಮೇಲಧಿಕಾರಿ ಸ್ಟೇಸಿಗೆ ಫೋನು. ಮಂಗಳೂರಿನ ಸ್ಟೇಸಿ ಮೇಡಂ ಹೊಗಳುವುದೇ ಅಪರೂಪ. ಅವರೇ "ಶಾಭಾಷ್ ಅಶ್ಮಿತಾ! ನಾನು ಈಗಲೇ ಮೇಲಿನವರಿಗೆ ಹೇಳ್ತೇನೆ," ಎಂದರು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಫೋನು ಕೆಳಗಿಟ್ಟು ಸ್ವಲ್ಪ ಹೊತ್ತಾಗಿತ್ತು, ದೊಡ್ಡಿಯ ಕಡೆಯಿಂದ ಗಲಾಟೆ ಕೇಳಿಸಿತು. ಅದೇ ಕಪ್ಪು ಹೋರಿ ನೆಲಕ್ಕೆ ಒರಗಿತ್ತು. ಎಡಪಕ್ಕೆ ಡೋಲಿನಂತೆ ಉಬ್ಬಿತ್ತು. ಕಣ್ಣು ಮೇಲಾಗಿತ್ತು.

"ಹಿಡೀರಿ! ತಲೆ ಎತ್ತಿ ಹಿಡೀರಿ! ಯಲ್ಲಾ, ಬೇಗ!"

ಶ್ರವಣ್ ಅದರ ಬಾಯಿಗೆ ಕೊಳವೆ ಇಳಿಸುತ್ತಿದ್ದ. ಕೊಳವೆಯಿಂದ ಬುಸ್ ಎಂದು ಗಾಳಿ ಬಂತು, ಹಿಂದೆಯೇ ಹುಳಿ ಹುಳಿ ವಾಸನೆಯ ನೀರು ಮರಳಿನ ಮೇಲೆ ಸುರಿಯಿತು. ಅಶ್ಮಿತಾ ಬಗ್ಗಿ ನೋಡಿದಳು.

ಅರೆಬರೆ ನೆಂದ, ಬಿಳಿಬಿಳಿ ಅವಲಕ್ಕಿ! ಬೆಲ್ಲದ ವಾಸನೆ!

ಪುಡಿಯೂ ಇಲ್ಲ, ಮಣ್ಣೂ ಇಲ್ಲ. ಕಿಲೋಗಟ್ಟಲೆ ಅವಲಕ್ಕಿ ತಿಂದು ಹೋರಿಯ ಹೊಟ್ಟೆ ಕೆಟ್ಟು ತೇಗೇ ನಿಂತಿತ್ತು, ಅದಕ್ಕೇ ಮೀಥೇನ್ ಇಳಿದಿತ್ತು! ತಾನು ಅದನ್ನೇ ಗೆಲುವು ಎಂದು ಊರಿಗೆಲ್ಲ ಸಾರಿದ್ದೆನಲ್ಲ! ಈ ಮರಳುಗಾಡಿನಲ್ಲಿ ಅವಲಕ್ಕಿ ಯಾರ ಹತ್ತಿರ ಉಂಟು? ಒಬ್ಬನ ಹತ್ತಿರ ಮಾತ್ರ!

"ಡಾಕ್ಟ್ರೇ..." ಅವಳು ಮರಳಿನತ್ತ ಬೆರಳು ತೋರಿಸಿದಳು. "ಇದು ಎಂತ?"

ಶ್ರವಣ್ ತಲೆಯೆತ್ತಿದ. ಮರಳಿನ ಮೇಲಿನ ಅವಲಕ್ಕಿ ನೋಡಿದ. ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಖಮರುದ್ದೀನ್ ಓಡಿ ಬಂದರು.

"ಯಾರ್ ಕೊಟ್ಟಿದ್ದು ಇದು? ಯಾರು?"

ಖಮರುದ್ದೀನ್ ಕೆಲಸಗಾರರತ್ತ ತಿರುಗಿದರು.

"ನಾನೇ," ಎಂದ ಶ್ರವಣ್. "ನಿನ್ನೆ ಪಾಡ್ಯ ಅಲ್ವಾ... ಮನಸ್ಸು ತಡೀಲಿಲ್ಲ."

"ನಿಮಗೆ ಮಂಡೆ ಸಮ ಉಂಟಾ?" ಅಶ್ಮಿತಾ ಕಿರುಚಿದಳು. ಕಣ್ಣಲ್ಲಿ ನೀರು ಬಂದಿತ್ತು. "ಡಾಕ್ಟರ್ ಆಗಿ... ಗೊತ್ತಿದ್ದೂ ಗೊತ್ತಿದ್ದೂ! ನಾನು ನಿಮ್ಮನ್ನು ಎಷ್ಟು ನಂಬಿದ್ದೆ! ನನ್ನ ಕೆಲಸ ಮಣ್ಣು ಮಾಡಿದ್ರಲ್ಲ!"

ಅವನು ತಲೆ ತಗ್ಗಿಸಿ ಕೊಳವೆ ಹಿಡಿದುಕೊಂಡೇ ಕೂತ. ಒಂದೇ ಒಂದು ಮಾತು ಎದುರಾಡಲಿಲ್ಲ.

ಆ ಮೌನ ಅವಳನ್ನು ಇನ್ನಷ್ಟು ಕೆರಳಿಸಿತು. ಆಫೀಸಿಗೆ ಹೋದವಳೇ 'ಫಾರ್ಮಿನ ಪಶುವೈದ್ಯರು ನಿಯಮ ಮೀರಿ ಹೊರಗಿನ ಆಹಾರ ಕೊಟ್ಟಿದ್ದಾರೆ' ಎಂದು ವರದಿ ಬರೆದು ಕಳಿಸಿಬಿಟ್ಟಳು. ಖಮರುದ್ದೀನ್ ಬಾಗಿಲಲ್ಲಿ ನಿಂತು ನಿಟ್ಟುಸಿರುಬಿಟ್ಟರು.

"ಇದು ನಮ್ಮ ಧಣಿ ಅರಬಾಬ್ ಕೈಗೆ ಹೋಯ್ತು ಅಂದ್ರೆ ಮುಗೀತು ಮೇಡಂ. ನಾಳೆಯೇ ಡಾಕ್ಟ್ರ ವೀಸಾ ಕ್ಯಾನ್ಸಲ್. ಒಳ್ಳೇ ಹುಡುಗ..."

"ಉಪ್ಪು ತಿಂದವನು ನೀರು ಕುಡೀಬೇಕು," ಎಂದಳು. ಹೇಳಿದ್ದೇನೋ ಹೇಳಿದಳು... ಕಾರಿನಲ್ಲಿ ಕೂತು ದಾರಿಯುದ್ದಕ್ಕೂ ಅತ್ತಳು.

ಮನೆಗೆ ಬಂದಾಗ ಸಂಜೆ. ಲೋಲಾಕ್ಷಿ ಸಂಭ್ರಮದಿಂದ ಬಾಗಿಲು ತೆರೆದರು.

"ಹೇಗಿದ್ದಾನೆ ಆ ಕರಿಯ? ಅಬ್ಬಬ್ಬಾ, ಎಂತಾ ಆಸೆಬುರುಕ! ಬೇರೆಯವನ್ನು ಹತ್ತಿರ ಬಿಡ್ಲೇ ಇಲ್ಲ. ಚೀಲದಲ್ಲಿದ್ದ ಅವಲಕ್ಕಿ ಅಷ್ಟೂ ಅವನೊಬ್ಬನೇ ತಿಂದ ನೋಡು!"

ಅಶ್ಮಿತಾಳ ಕೈಯಲ್ಲಿದ್ದ ಕಾರಿನ ಕೀ ಕೆಳಗೆ ಬಿತ್ತು.

"ಅಮ್ಮಾ... ಎಂತ ಹೇಳಿದಿ?"

"ನೀನು ಬೈತಿ ಅಂತ ಚೀಲ ಸೀಟಿನ ಕೆಳಗೆ ಇಟ್ಟಿದ್ದೆ. ಆ ಡಾಕ್ಟ್ರು ಪಾಪ, ಒಂದು ಮುಷ್ಟಿ ಸಾಕಮ್ಮಾ, ಜಾಸ್ತಿ ಕೊಟ್ರೆ ಹೊಟ್ಟೆ ಕೆಡ್ತದೆ ಅಂತ ಹೇಳಿದ್ರು. ಅವರಿಗೆ ಯಾರದೋ ಫೋನು ಬಂತು, ಆಚೆ ಹೋದ್ರು. ಅದು ನಾಲಿಗೆ ಚಾಚಿ ಚಾಚಿ ಕೇಳುವಾಗ ಇಲ್ಲ ಅನ್ಲಿಕ್ಕೆ ಆಗ್ತದಾ? ಅವರು ಬಂದು ನೋಡುವಾಗ ಚೀಲ ಖಾಲಿ. ಮುಖ ಸಣ್ಣ ಮಾಡಿದ್ರು. ಅಶ್ಮಿತಾಗೆ ಹೇಳ್ಬೇಡಿ ಅಂತ ನಾನೇ ಕೈಮುಗಿದೆ... ಯಾಕೆ ಮಗಾ? ಎಂತಾಯ್ತು?"

ಅಶ್ಮಿತಾ ನೆಲದ ಮೇಲೆ ಕುಸಿದು ಕೂತಳು. ಎಲ್ಲವನ್ನೂ ಹೇಳಿದಳು. ಹೋರಿ ಸಾಯುವ ಹಾಗಿದ್ದದ್ದು, ಅವನು 'ನಾನೇ' ಎಂದದ್ದು, ತಾನು ಬರೆದು ಕಳಿಸಿದ್ದು. ಲೋಲಾಕ್ಷಿಯ ಮುಖ ಬಿಳಿಚಿಕೊಂಡಿತು.

"ಇನ್ನೊಂದು ಸುಳ್ಳು ಹೇಳಿದ್ದೇನೆ ಅಮ್ಮಾ..." ಅವಳಿಗೆ ತಡೆಯಲಾಗಲಿಲ್ಲ. "ಅದು ಹಾಲಿನ ಫಾರ್ಮ್ ಅಲ್ಲ. ಆ ಹೋರಿಗಳು..."

"ಗೊತ್ತುಂಟು."

"ಆಂ?"

"ಹಾಲಿನ ಫಾರ್ಮಿನಲ್ಲಿ ಎಲ್ಲ ಗಂಡೇ ಇರ್ತಾವಾ ಮಗಾ? ನಾನು ದನ ಕಟ್ಟಿದವಳು." ಲೋಲಾಕ್ಷಿ ಸೆರಗನ್ನು ಬಾಯಿಗಿಟ್ಟುಕೊಂಡರು. "ನೋಡಿದ ಕೂಡ್ಲೇ ಗೊತ್ತಾಯ್ತು. ಅದಕ್ಕೇ ಕೊಟ್ಟದ್ದು. ಹಾಲು ಕೊಡುವ ದನಕ್ಕೆ ಎಲ್ಲರೂ ಹಬ್ಬ ಮಾಡ್ತಾರೆ. ಅವಕ್ಕೆ ಯಾರು ಮಾಡ್ತಾರೆ? ಒಂದು ದಿನ ಹೊಟ್ಟೆ ತುಂಬ ತಿನ್ಲಿ ಅಂತ ಆಸೆ ಆಯ್ತು. ಪ್ರೀತಿಯಿಂದ ಕೊಟ್ಟು ಅದನ್ನೇ ಕೊಲ್ಲಿಕ್ಕೆ ಹೊರಟೆನಲ್ಲ, ಪಾಪಿ ನಾನು!"

ಅಮ್ಮನೂ ಮಗಳೂ ತಬ್ಬಿಕೊಂಡು ಅತ್ತರು.

ಶ್ರವಣ್‌ಗೆ ಫೋನು ಮಾಡಿದರೆ ಸ್ವಿಚ್ಡ್ ಆಫ್. ಮತ್ತೆ ಮಾಡಿದಳು. ಸ್ವಿಚ್ಡ್ ಆಫ್! 'ಹೋಗಿಬಿಟ್ಟನಾ? ನನಗೆ ಒಂದು ಮಾತೂ ಹೇಳದೆ?' ಕೊನೆಗೆ ಸ್ಟೇಸಿಗೆ ಫೋನು ಮಾಡಿದಳು.

"ಮೇಡಂ, ಆ ವರದಿ ಸುಳ್ಳು. ಹೊರಗಿನವರನ್ನು ಒಳಗೆ ಕರ್ಕೊಂಡು ಹೋದದ್ದು ನಾನು. ಕೊಟ್ಟದ್ದು ನನ್ನ ಅಮ್ಮ."

ಆ ಕಡೆ ಸ್ಟೇಸಿ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

"ಯೋಚನೆ ಮಾಡಿ ಮಾತಾಡು ಅಶ್ಮಿತಾ. ಅವನು ಒಪ್ಪಿಕೊಂಡು ಆಗಿದೆ. ನೀನು ಸುಮ್ಮನಿದ್ರೆ ಯಾರಿಗೂ ಗೊತ್ತಾಗೋದಿಲ್ಲ. ಹೇಳಿದ್ರೆ ಪ್ರಾಜೆಕ್ಟ್ ನಿನ್ನ ಕೈ ತಪ್ಪುತ್ತದೆ. ಕೆಲಸವೂ ಹೋಗಬಹುದು."

'ಸುಮ್ಮನಿದ್ದರೆ...' ಹೌದು, ಒಂದು ಕ್ಷಣ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ? ಎಷ್ಟು ವರ್ಷದ ಕಷ್ಟ! ಆದರೆ ಬೈಗುಳ ತಿನ್ನುತ್ತಾ ತಲೆತಗ್ಗಿಸಿ ಕೂತಿದ್ದ ಆ ಮುಖ ಕಣ್ಣ ಮುಂದೆ ಬಂತು.

"ಹೋಗ್ಲಿ ಮೇಡಂ. ವರದಿ ತಿದ್ದಿ ಈಗಲೇ ಕಳಿಸ್ತೇನೆ."

ಬೆಳಗಾಗುವುದನ್ನೇ ಕಾದು ಹೊರಟಳು. ಲೋಲಾಕ್ಷಿ ತಾನೂ ಬರುತ್ತೇನೆಂದು ಹಟ ಹಿಡಿದು ಕಾರು ಹತ್ತಿದ್ದರು. ಫಾರ್ಮಿನ ಗೇಟಿನ ಹೊರಗೆ ಅಮ್ಮನನ್ನು ಬಿಟ್ಟು ಅಶ್ಮಿತಾ ಒಳಗೆ ಹೋದಳು. ಶ್ರವಣ್ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕಟ್ಟಿಟ್ಟ ಸೂಟ್‌ಕೇಸು. ಅವನಿಲ್ಲ!

ದೊಡ್ಡಿಗೆ ಓಡಿದಳು.

ಕಪ್ಪು ಹೋರಿ ಎದ್ದು ನಿಂತಿತ್ತು. ಪಕ್ಕದಲ್ಲಿ, ನಿನ್ನೆಯದೇ ಬಟ್ಟೆಯಲ್ಲಿ, ಕಣ್ಣು ಕೆಂಪಾದ ಶ್ರವಣ್. ಎದುರಿಗೆ ಖಮರುದ್ದೀನ್.

"ಹೊರಡಿ ಡಾಕ್ಟ್ರೇ, ಗಾಡಿ ಬಂದಿದೆ," ಎನ್ನುತ್ತಿದ್ದರು ಅವರು.

"ಇನ್ನೂ ಮೆಲುಕು ಹಾಕ್ಲಿಲ್ಲ ಸಾಹೇಬ್ರೆ. ಅದೊಂದು ನೋಡಿ ಹೋಗ್ತೇನೆ."

"ಅವರು ಹೋಗುವುದು ಬೇಡ!" ಅಶ್ಮಿತಾ ಏದುಸಿರು ಬಿಡುತ್ತಾ ನಡುವೆ ಬಂದು ನಿಂತಳು. "ಅವಲಕ್ಕಿ ಕೊಟ್ಟದ್ದು ಅವರಲ್ಲ. ನನ್ನ ಅಮ್ಮ. ಒಳಗೆ ಕರ್ಕೊಂಡು ಬಂದದ್ದು ನಾನು. ಆಫೀಸಿಗೂ ಹೇಳಿ ಆಯ್ತು."

"ಸುಳ್ಳು!" ಶ್ರವಣ್ ಗಾಬರಿಯಿಂದ ಅಂದ. "ಇವರು ನನ್ನನ್ನು ಉಳಿಸ್ಲಿಕ್ಕೆ..."

"ನೀವು ಬಾಯಿ ಮುಚ್ಚಿ!"

ಖಮರುದ್ದೀನ್ ಇಬ್ಬರನ್ನೂ ನೋಡಿದರು. ಗೇಟಿನಾಚೆ ಕಾರಿನ ಪಕ್ಕ ಕೈಮುಗಿದುಕೊಂಡು ನಿಂತ ಹೆಂಗಸನ್ನೂ ನೋಡಿದರು. ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನಮ್ಮ ಉಮ್ಮನೂ ನಿಮ್ಮ ಅಮ್ಮನ ಹಾಗೇ," ಎಂದರು ಮೆಲ್ಲಗೆ. "ಬಾಗಿಲಿಗೆ ಬಂದ ಬೆಕ್ಕಿಗೂ ನಮ್ಮ ತಟ್ಟೆಯದ್ದು ಹಾಕ್ತಾ ಇದ್ರು..." ಮತ್ತೆ ಮುಖ ಗಂಟಿಕ್ಕಿದರು. "ಡಾಕ್ಟ್ರು ಇರ್ತಾರೆ. ಅರಬಾಬ್‌ಗೆ ನಾನು ಹೇಳ್ತೇನೆ. ಆದ್ರೆ ಮೇಡಂ, ನೀವು ಇವತ್ತಿನಿಂದ ಈ ಗೇಟಿನ ಒಳಗೆ ಇಲ್ಲ. ಮೆಷಿನ್ನಿಗೆ ಬೇರೆಯವರು ಬರ್ಲಿ. ಖಲಾಸ್."

ಅಶ್ಮಿತಾ ತಲೆಯಾಡಿಸಿದಳು. ಇದನ್ನು ನಿರೀಕ್ಷಿಸಿಯೇ ಬಂದಿದ್ದಳು. ಹಿಂತಿರುಗಿ ನೋಡದೆ ಹೊರಗೆ ಕಾಲಿಟ್ಟಳು. ಹಿಂದೆ ಗೇಟು ಮುಚ್ಚಿಕೊಂಡಿತು.

"ಅಶ್ಮಿತಾ!"

ಮುಚ್ಚಿದ ಗೇಟನ್ನು ತಳ್ಳಿಕೊಂಡು ಅವನು ಹೊರಗೆ ಬಂದಿದ್ದ. ಮೇಡಂ ಇಲ್ಲ, ಏನಿಲ್ಲ. ಬರೀ ಅಶ್ಮಿತಾ! ಕಾರಿನ ಹತ್ತಿರ ನಿಂತಿದ್ದ ಲೋಲಾಕ್ಷಿ ಅವನನ್ನು ನೋಡಿದ್ದೇ ಕೂಗಿದರು.

"ಡಾಕ್ಟ್ರೇ! ಅದು ಮೆಲುಕು ಹಾಕ್ತದಾ?"

"ಹಾಕ್ತಾ ಉಂಟು ಅಮ್ಮಾ! ಈಗ ಶುರುವಾಯ್ತು!"

ಲೋಲಾಕ್ಷಿ ಎರಡೂ ಕೈ ಎತ್ತಿ ಆಕಾಶಕ್ಕೆ ಮುಗಿದರು. ಆಮೇಲೆ ಇಬ್ಬರ ಮುಖ ನೋಡಿ, ಏನೂ ತಿಳಿಯದವರಂತೆ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು.

"ಯಾಕೆ ಹೇಳಿದ್ರಿ?" ಶ್ರವಣ್ ಸ್ವರ ಒರಟಾಗಿತ್ತು. "ನಾನು ಒಪ್ಪಿಕೊಂಡು ಮುಗಿದಿತ್ತಲ್ಲ."

"ನೀವು ಯಾಕೆ ಒಪ್ಪಿಕೊಂಡ್ರಿ?"

"ಅವರನ್ನು ಬಿಟ್ಟು ಆಚೆ ಹೋದದ್ದು ನನ್ನದೂ ತಪ್ಪು. ಮತ್ತೆ... ನಿಮ್ಮ ಕೆಲಸ ಹೋಗ್ತದೆ ಅಂತ ಗೊತ್ತಿತ್ತು. ನನಗೇನು, ಬೇರೆ ಕಡೆ ಕೆಲಸ ಸಿಗ್ತಿತ್ತು."

"ನನಗೆ ಬೇರೆ ಕಡೆ ನೀವು ಸಿಗ್ತಿರಲಿಲ್ಲ!"

ಬಾಯಿ ತಪ್ಪಿ ಬಂದೇಬಿಟ್ಟಿತ್ತು. ಅಶ್ಮಿತಾ ನಾಲಿಗೆ ಕಚ್ಚಿಕೊಂಡಳು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಲೂ ಇಲ್ಲ.

"ಅಷ್ಟು ಜನರ ಎದುರಿಗೆ ಏನೇನೋ ಅಂದೆ. ಒಂದು ಮಾತು ತಿರುಗಿ ಬೈಬಾರದಿತ್ತಾ ನನಗೆ? ಫೋನ್ ಬೇರೆ ಆಫ್ ಮಾಡಿ ಕೂತಿರಿ... ಹೋಗಿಬಿಟ್ರಿ ಅಂತ ಜೀವ ಬಾಯಿಗೆ ಬಂದಿತ್ತು!"

"ನಿಮ್ಮ ಸ್ವರ ಕೇಳಿದ್ರೆ ಹೋಗ್ಲಿಕ್ಕೆ ಆಗ್ತಿರಲಿಲ್ಲ. ಅದಕ್ಕೇ ಆಫ್ ಮಾಡಿದ್ದು," ಎಂದ ಶ್ರವಣ್. ಅವನ ಕಣ್ಣೂ ತುಂಬಿತ್ತು.

ಗೇಟಿನ ಆಚೆ ಖಮರುದ್ದೀನ್ ಯಾರನ್ನೋ ಗದರುವುದು ಕೇಳಿಸುತ್ತಿತ್ತು.

"ಇನ್ನು ನೀವು ಈ ಗೇಟಿನ ಒಳಗೆ ಬರುವ ಹಾಗಿಲ್ಲ," ಎಂದ ಅವನು ಮೆಲ್ಲಗೆ.

"ಗೊತ್ತುಂಟು."

"ನಾನು ಹೊರಗೆ ಬರಬಹುದಲ್ಲ? ರಜೆ ಸಿಕ್ಕಿದ ಕೂಡ್ಲೇ ಅಲ್ ಕುಸೈಸಿಗೆ ಬರ್ತೇನೆ. ಅಮ್ಮನ ಹತ್ರ ಒಂದು ವಿಷಯ ಕೇಳ್ಲಿಕ್ಕೆ ಉಂಟು."

"ಅಮ್ಮನ ಹತ್ರ ಯಾಕೆ? ಮೊದಲು ನನ್ನ ಹತ್ರ ಕೇಳಿ."

"ಕೇಳಿದ್ರೆ?"

"ಹೂಂ ಅಂತೇನೆ."